ಹಾಜರಿ ಪುಸ್ತಕದಲ್ಲಿ ಇಲ್ಲದ ರೈಟರ್

ಅಲ್ಲ, ಮೊನ್ನೆ ಮಾತು ಅರ್ಧಕ್ಕೇ ನಿಂತಿತ್ತಲ್ಲ, ಅದನ್ನೇ ಹೇಳುತ್ತಿದ್ದೇನೆ. ರೈಟರ್ ಅಂದ ಕೂಡಲೇ ನೀವು ಕಥೆ, ಕಾದಂಬರಿ ಬರೆಯುವವರು ಅಂದುಕೊಂಡಿರಿ. ನಮ್ಮ ಕಡೆ ಹಾಗಲ್ಲ. ಕಾಫಿ ತೋಟದಲ್ಲಿ ಬೆಳಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ಎಲ್ಲಿ ಕೆಲಸಕ್ಕೆ ಎಂದು ಬರೆಯುವವರು ರೈಟರ್. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವವರೂ ರೈಟರೇ. ಕಂಪನಿ ಸರ್ಕಾರದ ಕಾಲದಲ್ಲಿ ಹಡಗಿಳಿದು ಬರುತ್ತಿದ್ದ ಎಳೆ ಗುಮಾಸ್ತರಿಗೂ ಅದೇ ಹೆಸರಂತೆ. ಇದನ್ನೆಲ್ಲ ನನಗೆ ಹೇಳಿದವರು ಜಯದೇವಪ್ಪನವರು. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ದವರು. ಬೈಂಡು ಕಿತ್ತುಹೋದ ಒಂದು ಡಿಕ್ಷನರಿ ಅವರ ಹತ್ತಿರ ಇದೆ. ನಾನು ಅವರ ಅಭಿಮಾನಿಯಾದದ್ದು ಅದರಿಂದಲೇ.

"ಇಂಗ್ಲಿಷಿನ ರೈಟ್ ಅನ್ನೋ ಪದದ ಬೇರು ಏನ್ ಗೊತ್ತಾ? ಗೀರೋದು. ಮರದ ಮೇಲೆ, ಕಲ್ಲಿನ ಮೇಲೆ ಗೀರೋದು," ಎಂದರು ಒಮ್ಮೆ.

"ನಮ್ ಕನ್ನಡದ ಬರೆಯೋದು?"

"ಕಾದ ಕಬ್ಬಿಣದ ಬರೆ ಹಾಕಿಸ್ಕಂಡಿದೀಯಾ ಯಾವತ್ತಾದ್ರೂ?" ಎಂದು ನಕ್ಕರು. ಅವರ ಹೆಂಡತಿ ವಿಮಲಮ್ಮ ನಗಲಿಲ್ಲ.

ನಗದಿರುವುದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ತೋಟ ಮಾರಾಟವಾಯಿತು. ಹಾಜರಿ ಪುಸ್ತಕದಲ್ಲಿ ಇಪ್ಪತ್ತು ವರ್ಷ ಹೆಸರಿರುವವರು ಈಗಿರುವ ಮನೆಯಲ್ಲೇ ಸಾಯುವ ತನಕ ಇರಬಹುದು ಎಂದು ಹೊಸ ಮಾಲೀಕರು ಮಾತು ಕೊಟ್ಟರು. ಜಯದೇವಪ್ಪನವರಿಗೆ ತೋಟದ ಆ ಎರಡು ಕೋಣೆಯ ಕ್ವಾರ್ಟರ್ಸ್ ಬಿಟ್ಟರೆ ಬೇರೆ ಸೂರಿರಲಿಲ್ಲ. ಹೊಸ ಮ್ಯಾನೇಜರ್ ಯೋಗೇಶ್ ಹಳೇ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿಕೊಂಡು ಕುಳಿತರು. ಹಣ್ಣು ಕುಯ್ಯುವವರು, ನೆರಳಿನ ಮರ ಸವರುವ ಮರಗಸಿಯವರು, ಮೇಸ್ತ್ರಿ, ಬಂಗಲೆಯ ಅಡುಗೆಯವಳು, ಎಲ್ಲರ ಹೆಸರೂ ಸಿಕ್ಕಿತು. ಜಯದೇವಪ್ಪನವರದು ಒಂದು ಪುಟದಲ್ಲೂ ಇಲ್ಲ.

"ಅಕ್ಷರ ಪೂರಾ ನಂದೇ ಸಾರ್."

"ಅಕ್ಷರ ನಿಮ್ದೇ ರೈಟ್ರೇ. ಹೆಸ್ರೆಲ್ಲಿ?"

"ರೈಟರ್ ತನ್ನ ಹಾಜರಿ ತಾನೇ ಹಾಕ್ಕಳಲ್ಲ ಸಾರ್. ಪೆನ್ ಹಿಡ್ದವ ತನ್ನ ಹೆಸ್ರು ಬರ್ಕಂಡ್ರೆ ಕಳ್ಳ ಅಂತಾರೆ ಅಂತ ನಂಗೆ ಕೆಲ್ಸ ಕಲ್ಸಿದವ್ರು ಹೇಳಿದ್ರು. ಹಳೇ ಸಾಹುಕಾರ್ರಿಗೆ ಗೊತ್ತಿತ್ತು, ಸಂಬಳ ಅವ್ರೇ ಕೈಗ್ ಕೊಡ್ತಿದ್ರು."

"ಅವ್ರು ತೀರ್ಕೊಂಡ್ರಲ್ಲ."

ಯೋಗೇಶ್ ಕೆಟ್ಟವರೇನಲ್ಲ. ಪುಸ್ತಕಗಳನ್ನು ಅವರ ಕಡೆ ತಳ್ಳಿ, "ಪುಸ್ತಕ ಎಲ್ಲ ಮನೆಗ್ ತಗಂಡು ಹೋಗಿ. ಎರಡು ದಿನ ಸರಿಯಾಗಿ ನೋಡ್ಕಂಡು ಬನ್ನಿ. ಎಲ್ಲಾದ್ರೂ ಇರಬಹುದು," ಎಂದರು.

ಅದರ ಅರ್ಥ ಯಾರಿಗೆ ತಿಳಿಯುವುದಿಲ್ಲ? ಅದೇ ಕೈ, ಅದೇ ಅಕ್ಷರ. ಪ್ರತಿ ಪುಟದ ಕೊನೆಯಲ್ಲೂ ಒಂದು ಗೆರೆ ಖಾಲಿ. ವಿಮಲಮ್ಮ ಪೆನ್ನು ತಂದು ಪುಸ್ತಕದ ಪಕ್ಕ ಇಟ್ಟರು. ಜಯದೇವಪ್ಪನವರು ಎರಡು ದಿನ ಪುಟ ಮಗುಚಿದರು. ಮೂರನೇ ದಿನ ಬೆಳಗ್ಗೆ ಹೇಗಿತ್ತೋ ಹಾಗೇ ತಂದು ಮೇಜಿನ ಮೇಲಿಟ್ಟರು.

"ಸಿಕ್ತಾ?"

"ಇಲ್ಲ ಸಾರ್."

ಕ್ವಾರ್ಟರ್ಸ್ ಖಾಲಿ ಮಾಡಿದ ದಿನ ಗಾಡಿಗೆ ಪಾತ್ರೆ ಹಾಕುವಾಗ ವಿಮಲಮ್ಮ ಹೇಳಿದ್ದು ಒಂದೇ ಮಾತಂತೆ: "ತೋಟದವ್ರದ್ದೆಲ್ಲ ಬರ್ದ್ರಿ. ನಿಮ್ದೊಂದು ಬರೀಲಿಕ್ಕೆ ಇಂಕು ಸಾಲ್ಲಿಲ್ವಾ?" ಪಾತ್ರೆ ಎತ್ತಿಕೊಡಲು ಮೇಸ್ತ್ರಿ ಕೂಡ ಬರಲಿಲ್ಲ.

ನೀವು ಎಷ್ಟು ದೊಡ್ಡವರು ಅಂತ ನಾನು ಒಮ್ಮೆ ಜಯದೇವಪ್ಪನವರನ್ನು ಹೊಗಳಲು ಹೋದೆ. ಮುಖ ಕಹಿ ಮಾಡಿಕೊಂಡರು. "ದೊಡ್ಡಸ್ತಿಕೆ ಎಂತದೂ ಇಲ್ಲ ಮಾರಾಯ. ಕೈ ಓಡ್ಲಿಲ್ಲ, ಅಷ್ಟೇ. ಬರೀಬೇಕಿತ್ತು. ಇವ್ಳು ಬಾಡಿಗೆ ಕೋಣೇಲಿ ಹೋಟ್ಲು ಒಲೆ ಹೊಗೆ ಕುಡೀತಾಳೆ."

ಈಗ ಅವರು ಕೊಟ್ಟಿಗೆಹಾರದಲ್ಲಿ, ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿದ್ದಾರೆ. ಮುಂದಿನ ಬೆಂಚಿನಲ್ಲಿ ಕುಳಿತು ಜನರಿಗೆ ಅರ್ಜಿ, ಕರಾರು ಪತ್ರ ಬರೆದುಕೊಡುತ್ತಾರೆ. ಪತ್ರದ ಕೊನೆಯಲ್ಲಿ ಬರೆದವರ ಹೆಸರಿಗೆ ಬಿಕ್ಕಲಂ ಎಂದು ಒಂದು ಜಾಗ ಇರುತ್ತದೆ. ಅದನ್ನು ಇವತ್ತಿಗೂ ಖಾಲಿ ಬಿಡುತ್ತಾರೆ.

ಚಾರ್ಮಾಡಿ ಕಡೆ ಹೋಗುವವರು ಅಲ್ಲಿ ಬಸ್ಸಿಳಿದು ಅವರನ್ನು ನೋಡಿ ಬನ್ನಿ. ಏನಾದರೂ ಬರೆಸಿ. ಬಿಕ್ಕಲಂ ಜಾಗದಲ್ಲಿ ಅವರ ಹೆಸರು ಬೀಳುವ ತನಕ ಬೆಂಚಿನಿಂದ ಏಳಬೇಡಿ. ಬಯ್ಯುತ್ತಾರೆ, ನನಗೂ ಬಯ್ದಿದ್ದಾರೆ. ಆದರೂ ಹೋಗಿ.