ಟವೆಲ್ಲಿಗೊಂದು ಟಿಕೆಟ್

ಮುಧೋಳದಾಗ ಬೀಳಗಿ ಬಸ್ ಹತ್ತಿ ಕುಂತಿದ್ದೆ. ಬಾಜೂ ಸಾಲಿನ್ಯಾಗ ಒಬ್ಬಾಂವ ಮೊಬೈಲಿನ್ಯಾಗ ಯಾರದೋ ಭಾಷಣ ಜೋರಾಗಿ ಹಚ್ಚಿದ್ದ. ಆ ಜಾತಿಯವರ ಅಂಗಡಿಗೆ ಹೋಗಬ್ಯಾಡ್ರಿ, ಅವರನ್ನ ಹತ್ತಿರ ಬಿಟ್ಟುಕೋಬ್ಯಾಡ್ರಿ, ಬರೇ ಇಂಥವ.

ಅಷ್ಟರಾಗ ಬುರ್ಖಾ ಹಾಕಿದಾಕಿ ಒಬ್ಬಾಕಿ ಗಾಜಿನ ಬಳಿಗಳ ಗಂಟು ಹೊತ್ತು ಹತ್ತಿದಳು. ಖಾಲಿ ಇದ್ದದ್ದು ನನ್ನ ಮಗ್ಗಲ ಸೀಟ್ ಒಂದ. ಈ ಮೊಬೈಲಿನ ಮನಶ್ಯಾ ತನ್ನ ಟವೆಲ್ ಅದರ ಮ್ಯಾಲ ಒಗದು, "ನಮ್ಮವರು ಬರ್ತಾರ" ಅಂದ.

ಬಸ್ ಹೊಂಟಿತು, ಯಾರೂ ಬರಲಿಲ್ಲ. ಆಕಿ ನಿಂತು, ಬಸ್ ಜಿಗಿದಾಗೊಮ್ಮೆ ಗಂಟು ಎದಿಗೆ ಅವಚಿಕೊಳ್ಳಾಕತ್ತಿದ್ದಳು. ಮಂದಿಯೆಲ್ಲಾ ಕಿಡಕಿ ಹೊರಗಿನ ಕಬ್ಬು ನೋಡಾಕತ್ತಿದ್ದರು.

ಕಂಡಕ್ಟರ್ ಬಂದರು. ನಾ ಅಂದೆ, "ನಮಗ ಹೆಣಮಕ್ಕಳಿಗೆ ಫುಕಟ್ ಐತಿರಿ. ಇದು ಗಂಡಸರ ಟವೆಲ್, ಇದಕ್ಕ ರೊಕ್ಕ ತಗೊಂಡು ಟಿಕೆಟ್ ಹರೀರಿ."

ಬಸ್ಸಿನ್ಯಾಗ ನಗಿ ಎದ್ದಿತು. ಆಂವ ಮಾರಿ ಗಂಟು ಹಾಕಿಕೊಂಡ. "ಆಯಿ, ನಿಮಗ ಇದೆಲ್ಲಾ ತಿಳಿಯಾಂಗಿಲ್ಲ. ಸುಮ್ಮ ಕುಂಡ್ರಿ."

"ನಾವೆಲ್ಲಾ ಸುಮ್ಮ ಕುಂತೇವಂತ ನಿನ್ನ ಮೊಬೈಲ್ ಒಂದ ಮಾತಾಡಾಕತ್ತೈತಿ, ತಮ್ಮಾ."

ಹಿಂದಿನಿಂದ ಯಾರೋ, "ಟವೆಲ್ ತಗೀಪಾ" ಅಂದರು. ಇನ್ನೊಬ್ಬರು, "ಆ ಮೊಬೈಲೂ ಬಂದ್ ಮಾಡು" ಅಂದರು. ಆಂವ ಎರಡೂ ಮಾಡಿದ. ಆಕಿ ಕುಂತಳು. ಗಂಟು ಅರ್ಧ ಆಕಿ ತೊಡಿಮ್ಯಾಲ, ಅರ್ಧ ನನ್ನ ತೊಡಿಮ್ಯಾಲ. ಬೀಳಗಿತನಕ ಒಂದೂ ಬಳಿ ಒಡೀಲಿಲ್ಲ.

ಬಸ್ ಇಳಿದ ಕೂಡ್ಲೆ ಒಬ್ಬೊಬ್ಬರ ಬಂದು, "ಛಲೋ ಅಂದ್ರಿ ಆಯಿ, ನನ್ನ ಮನಸಿನ್ಯಾಗೂ ಅದ ಇತ್ತು" ಅಂತ ಹೇಳಿ ಹೋದರು. ಬಸ್ ತುಂಬ ಇಷ್ಟು ಛಲೋ ಮನಸು ಕುಂತಿದ್ದು ನನಗ ಇಳಿದ ಮ್ಯಾಲ ಗೊತ್ತಾತು.