ಪಾಲಿಶ್ ಶೆಡ್ಡಿಗೆ ಮುಚ್ಚಳ ಹಾಕಲು ಕಲಿಸಿದವರು

ನಗರದ ಗಾಳಿಯನ್ನು ಅಳೆಯುವವರು ಹಲವರಿದ್ದಾರೆ. ಅಳೆದದ್ದನ್ನು ವರದಿಯಾಗಿ ಬರೆದು ಮೇಲಿನವರಿಗೆ ಕಳಿಸುವವರೂ ಇದ್ದಾರೆ. ಆದರೆ ಗಾಳಿ ಕೆಡಿಸುವವರ ಎದುರಿಗೇ ಕುಳಿತು, ಅವರಿಗೆ ತಿಳಿಯುವ ಮಾತಿನಲ್ಲಿ, ಅವರ ಮಾನಕ್ಕೂ ಹೊಟ್ಟೆಪಾಡಿಗೂ ಧಕ್ಕೆ ಬಾರದಂತೆ ವಿಷಯ ಹೇಳಬಲ್ಲವರು ವಿರಳ. ವಾಯು ಪರೀಕ್ಷಾ ಪ್ರಯೋಗಾಲಯದ ಹಿರಿಯ ವಿಜ್ಞಾನಿಯ ಹುದ್ದೆಯಿಂದ ಈಗ ನಿವೃತ್ತರಾಗಿರುವ ಮಾನ್ಯರು ಆ ವಿರಳರಲ್ಲಿ ಒಬ್ಬರು. ಅವರ ಸಂಶೋಧನೆಯ ತೂಕವೇನು ಎಂಬುದನ್ನು ಬಲ್ಲ ವಿದ್ವಾಂಸರು ಈ ಅಭಿನಂದನ ಸಂಪುಟದಲ್ಲಿಯೇ ಬರೆದಿದ್ದಾರೆ. ಮರದ ಸಾಮಾನಿನ ಕಾರ್ಖಾನೆಯ ಪಾಲಿಶ್ ಶೆಡ್ಡಿನಲ್ಲಿ ಅವರಿಗಿದ್ದ ಹೆಸರು ಮಾತ್ರ ‘ಗಾಳಿ ಮೇಡಂ’. ಗೇಲಿಗೆಂದು ಕರೆದ ಆ ಹೆಸರು ಗೌರವದ ಹೆಸರಾದದ್ದು ಹೇಗೆಂಬುದನ್ನು ಶೆಡ್ಡಿನವರೆಲ್ಲರ ಪರವಾಗಿ ಇಲ್ಲಿ ನಿವೇದಿಸಲಾಗಿದೆ.

ಮೇಡಂ ಮೊದಲು ಬಂದಾಗ ಇನ್ನೂ ಚಿಕ್ಕ ವಯಸ್ಸು. ಕಾರ್ಖಾನೆಯಿಂದ ಗಾಳಿ ಬೀಸುವ ದಿಕ್ಕಿನಲ್ಲಿದ್ದ ಹೊಸ ಬಡಾವಣೆಯ ಶಾಲೆಯಲ್ಲಿ, ಬಿಸಿಲಿನ ದಿನಗಳ ಮಧ್ಯಾಹ್ನ ಆಟವಾಡಿದ ಮಕ್ಕಳು ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಪಾಲಿಶ್ ವಾಸನೆ ಎಲ್ಲರ ಮೂಗಿಗೂ ಗೊತ್ತಿದ್ದುದರಿಂದ ದೂರು ನೇರವಾಗಿ ಶೆಡ್ಡಿನ ತಲೆಗೆ ಬಂತು. ತಪಾಸಣೆಯ ದಿನಕ್ಕೆ ಸರಿಯಾದ ಏರ್ಪಾಡು ಕಾಣದಿದ್ದರೆ ಶೆಡ್ಡಿಗೆ ಬೀಗ ಎಂದು ಆದೇಶವಾಯಿತು. ಬೀಗ ಬಿದ್ದರೆ ಪಾಲಿಶ್ ಬಿಟ್ಟು ಬೇರೆ ಕಸುಬು ತಿಳಿಯದ ಅಷ್ಟೂ ಜನ ಬೀದಿಗೆ ಬೀಳುವವರೇ. ಅವರೆಲ್ಲರಿಗೂ ಹಿರಿಯ ಮೇಸ್ತ್ರಿ. ಅವರು ಮೇಡಂ ಅವರನ್ನು ಮೊದಲ ದಿನ ನೋಡಿದ್ದು ಸಾವಿನ ಸುದ್ದಿ ತಂದವರನ್ನು ನೋಡಿದ ಹಾಗೆ.

ಮಕ್ಕಳ ಕೆಮ್ಮಿಗೆ ಓಜೋನ್ ಅನಿಲ ಕಾರಣವೇ ಎಂದು ನೋಡಲು ಕಾರ್ಖಾನೆಯ ಗೇಟಿನ ಬಳಿ ಇಟ್ಟ ಯಂತ್ರದಲ್ಲಿ ಅದು ಹೆಚ್ಚು ಕಾಣಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಮುಖ ಊರಗಲ ಆಯಿತು.

“ನೋಡಿದ್ರಾ ಮೇಡಂ? ನಮ್ಮದು ಚೊಕ್ಕ ಚಿನ್ನ!”

“ಹೆಪ್ಪು ಹಾಕಿದ ಗಳಿಗೆಗೇ ಮೊಸರಾಗುತ್ತಾ ಸಾರ್?” ಎಂದರು ಮೇಡಂ. “ನೀವು ಪಾಲಿಶ್ ತೆಳುಮಾಡೋ ಥಿನ್ನರಿನ ಆವಿ ಒಂದು ಕಡೆಯಿಂದ, ರಸ್ತೆಯ ವಾಹನಗಳ ಹೊಗೆ ಇನ್ನೊಂದು ಕಡೆಯಿಂದ. ಎರಡನ್ನೂ ಗಾಳಿ ಹೊತ್ತುಕೊಂಡು ಹೋಗುತ್ತೆ. ದಾರಿಯಲ್ಲಿ ಬಿಸಿಲು ಬಿದ್ದು ಓಜೋನ್ ಆಗುತ್ತೆ. ಇಲ್ಲಿ ಲಾರಿಗಳ ಹಸಿ ಹೊಗೆ ಇದೆಯಲ್ಲ, ಅದು ಇದ್ದ ಓಜೋನನ್ನೂ ನುಂಗಿಬಿಡುತ್ತೆ. ಯಂತ್ರ ಇಡಬೇಕಾದ್ದು ಶಾಲೆಯ ತಾರಸಿ ಮೇಲೆ.”

ಮೇಸ್ತ್ರಿಗೆ ತಡೆಯಲಾಗಲಿಲ್ಲ. “ಓಜೋನು ನಮ್ಮನ್ನ ಕಾಪಾಡುತ್ತೆ ಅಂತ ರೇಡಿಯೋದಲ್ಲೇ ಹೇಳ್ತಾರಲ್ಲಮ್ಮ?”

“ಆಕಾಶದ ಎತ್ತರದಲ್ಲಿದ್ದರೆ ಅದು ಕೊಡೆ, ಮೇಸ್ತ್ರಿ; ಬಿಸಿಲಿನ ಕೆಟ್ಟ ಕಿರಣ ತಡೆಯುತ್ತೆ. ನೆಲದ ಹತ್ತಿರ ಮೂಗಿಗೆ ಸಿಕ್ಕರೆ ಶ್ವಾಸಕೋಶವನ್ನ ಉಜ್ಜಿದ ಹಾಗೆ ಮಾಡುತ್ತೆ.”

“ಹಂಗಾದ್ರೆ ಆ ಮಕ್ಕಳ ಕೆಮ್ಮೆಲ್ಲಾ ನಮ್ಮ ಲೆಕ್ಕಕ್ಕೇನಾ?”

“ಅಲ್ಲ. ಲಾರಿ, ಕಾರು, ಪೆಟ್ರೋಲ್ ಬಂಕು, ಮುದ್ರಣದ ಶಾಯಿ, ಮನೆಗೆ ಹೊಡೆಯೋ ಬಣ್ಣ, ಎಲ್ಲರದ್ದೂ ಪಾಲಿದೆ. ನಿಮ್ಮ ಪಾಲನ್ನ ನಿಮ್ಮ ಜೊತೆ ಮಾತಾಡ್ತೀನಿ. ಅವರ ಪಾಲನ್ನ ಅವರ ಜೊತೆ.”

ಎಲ್ಲ ತಪ್ಪನ್ನೂ ಒಬ್ಬರ ಮೇಲೆ ಹೊರಿಸದ ಅಧಿಕಾರಿಯನ್ನು ಮೇಸ್ತ್ರಿ ಅದುವರೆಗೆ ಕಂಡಿರಲಿಲ್ಲ. ಆದರೂ ಮನಸ್ಸು ಬಿಚ್ಚಲಿಲ್ಲ. ಅದಕ್ಕೆ ಕಾರಣ ಶೆಡ್ಡಿನ ತಾರಸಿಯ ಮೇಲೆ ಬಟ್ಟೆ ಒಣಹಾಕಲು ಕಟ್ಟಿದ್ದ ಹಗ್ಗ.

ಆ ಹಗ್ಗದ ಹಿಂದೆ ಒಂದು ಬೆಂಕಿಯಿತ್ತು. ಹಿಂದೊಮ್ಮೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮರದ ಪೆಟ್ಟಿಗೆಯಲ್ಲಿ ತುರುಕಿಟ್ಟಿದ್ದಾಗ ಅವು ತಾವಾಗಿಯೇ ಕಾದು ಹೊತ್ತಿಕೊಂಡಿದ್ದವು. ಆರಿಸಲು ಹೋದ ಮೇಸ್ತ್ರಿಯ ತಮ್ಮನ ಎರಡೂ ಕೈ ಸುಟ್ಟು, ಬೆರಳುಗಳು ಸೆಟೆದುಹೋಗಿದ್ದವು. ಕುಸುರಿ ಕೆತ್ತನೆಗೆ ಬಣ್ಣ ತುಂಬುತ್ತಿದ್ದ ಕೈ ಆಮೇಲೆ ಉಗ್ರಾಣದ ಬೀಗ ತೆಗೆಯುವುದಕ್ಕೆ ಸೀಮಿತವಾಯಿತು. ಅಂದಿನಿಂದ ಮೇಸ್ತ್ರಿ ಕಟ್ಟಳೆ ಮಾಡಿದರು: ಎಣ್ಣೆಯದಾಗಲಿ ಥಿನ್ನರಿನದಾಗಲಿ, ಒರೆಸಿದ ಬಟ್ಟೆಯೆಲ್ಲ ತಾರಸಿಯ ಹಗ್ಗಕ್ಕೆ ಏರಬೇಕು, ಬಿಸಿಲಿಗೆ ಗರಿಗರಿ ಆಗಬೇಕು. ಆ ಕಟ್ಟಳೆಯಿಂದ ಶೆಡ್ಡಿನಲ್ಲಿ ಮತ್ತೆ ಬೆಂಕಿ ಕಾಣಲಿಲ್ಲ. ಮೇಸ್ತ್ರಿಗೆ ಅದರ ಹೆಮ್ಮೆ ಇದ್ದದ್ದು ಸಹಜವೇ.

ಮೇಡಂ ಹಗ್ಗದ ಕೆಳಗೆ ನಿಂತು ಕೇಳಿದರು: “ಬಟ್ಟೆಯಲ್ಲಿದ್ದ ಥಿನ್ನರ್ ಎಲ್ಲಿಗೆ ಹೋಯ್ತು ಮೇಸ್ತ್ರಿ?”

“ಆರಿಹೋಯ್ತು.”

“ಆರಿ, ಎಲ್ಲಿಗೆ?”

ಮೇಸ್ತ್ರಿ ಶಾಲೆಯ ಕಡೆ ನೋಡಿದರು. ಕೆಳಗೆ ತೆರೆದ ತಟ್ಟೆ, ತೆರೆದ ಡಬ್ಬಿ, ಮೇಲೆ ಸಾಲುಸಾಲು ಬಟ್ಟೆ. ಶೆಡ್ಡಿನ ಪಾಲಿನಲ್ಲಿ ಸುಲಭವಾಗಿ ತಡೆಯಬಹುದಾದದ್ದು ಇದೇ ಎಂದು ಮೇಡಂ ತಿಳಿಸಿ, ಮುಚ್ಚಳವಿರುವ ಕಬ್ಬಿಣದ ಡಬ್ಬಿಗಳನ್ನು ತಾವೇ ತೋರಿಸಿ ಮಾಡಿಸಿಕೊಡುವುದಾಗಿಯೂ, ಅವು ಬರುವ ತನಕ ಹಗ್ಗ ಮುಟ್ಟಬಾರದೆಂದೂ ಹೇಳಿ ಹೋದರು.

ಮ್ಯಾನೇಜರ್‌ಗೆ ಅಷ್ಟು ತಾಳ್ಮೆ ಎಲ್ಲಿಯದು? ತಪಾಸಣೆಗೆ ಶೆಡ್ಡು ಚೆನ್ನಾಗಿ ಕಾಣಲೆಂದು, ಮೇಸ್ತ್ರಿ ರಜೆಯಲ್ಲಿದ್ದ ದಿನ ಹಗ್ಗ ಕೊಯ್ಯಿಸಿ ಬಟ್ಟೆಗಳನ್ನೆಲ್ಲ ಮೂಲೆಗೆ ಒಟ್ಟಿಸಿದರು. ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದು ನೋಡಿದಾಗ ಅವರ ಮೈ ಉರಿದುಹೋಯಿತು. ಅದೇ ಹೊತ್ತಿಗೆ ಮೇಡಂ ತಮ್ಮ ಮೇಲಧಿಕಾರಿಯೊಡನೆ ಒಳಗೆ ಕಾಲಿಟ್ಟರು.

“ಬನ್ನಿ ತಾಯಿ, ಬನ್ನಿ! ಗಾಳಿ ಉಳಿಸೋಕೆ ನಮ್ಮನ್ನೇ ಸೌದೆ ಮಾಡಿದ್ರಾ?” ಎಂದು ಮೇಸ್ತ್ರಿ ಕೂಗಾಡಿದರು.

ಮೇಡಂ ನೇರ ಹೋಗಿ ಮಂಡಿಯೂರಿ, ರಾಶಿಯೊಳಗೆ ಕೈ ತೂರಿಸಿದರು. “ಒಳಗೆ ಕಾಯ್ತಿದೆ. ಎಲ್ಲರೂ ಬನ್ನಿ, ಬೇಗ!” ಎನ್ನುತ್ತಾ ಬಟ್ಟೆಗಳನ್ನು ಬಾಚಿಕೊಂಡು ಮೆಟ್ಟಿಲು ಹತ್ತಿದರು. ಕೊಯ್ದ ಹಗ್ಗವನ್ನು ಗಂಟು ಹಾಕಿ, ಬಿಗಿದು, ಒಂದೊಂದೇ ಬಟ್ಟೆ ಬಿಡಿಸಿ ಹರವಿದರು. ಅವರ ಬಿಳಿ ಕೋಟಿನ ತುಂಬ ಪಾಲಿಶ್.

ಮೇಲಧಿಕಾರಿಗೆ ಸಿಡಿಮಿಡಿ. “ಏನಮ್ಮಾ ಇದು? ಯಾವುದನ್ನ ತೆಗೆಸಬೇಕಿತ್ತೋ ಅದನ್ನೇ ಕಟ್ತಾ ಇದೀರಿ! ವರದಿಯಲ್ಲಿ ಏನಂತ ಬರೆಯೋಣ?”

“ನಾನೇ ಕಟ್ಟಿದೆ ಅಂತ ಬರೀತೀನಿ ಸಾರ್. ಡಬ್ಬಿ ಬರೋವರೆಗೆ ಇರಲಿ. ಕೆಲಸಗಾರರು ಸುಟ್ಟುಹೋಗೋ ಏರ್ಪಾಡಿಗೆ ನನ್ನ ಸಹಿ ಬೀಳಲ್ಲ. ತಪಾಸಣೆ ಸ್ವಲ್ಪ ಮುಂದಕ್ಕೆ ಹಾಕಿ.”

ಬೆಂಕಿಯ ಭಯ ತಮ್ಮೊಬ್ಬರದೇ ಎಂದುಕೊಂಡಿದ್ದ ಮೇಸ್ತ್ರಿಗೆ ಆವತ್ತು ಜೊತೆ ಸಿಕ್ಕಿತು. ತಪಾಸಣೆ ಮುಂದಕ್ಕೆ ಹೋಯಿತು. ಆ ಕಾರಣಕ್ಕೆ ಮೇಡಂ ಅವರಿಗೆ ಬರಬೇಕಿದ್ದ ಬಡ್ತಿಯೂ ಮುಂದಕ್ಕೆ ಹೋಯಿತೆಂಬುದು ಶೆಡ್ಡಿನವರಿಗೆ ತಿಳಿದದ್ದು ಬಹಳ ಕಾಲದ ಮೇಲೆ, ಅದೂ ಅವರ ಬಾಯಿಂದಲ್ಲ.

ಡಬ್ಬಿಗಳು ಬಂದವು. ಥಿನ್ನರ್ ಬಟ್ಟೆಗೆ ಕೈಬಿಟ್ಟ ಕೂಡಲೇ ತಾನೇ ಬೀಳುವ ಮುಚ್ಚಳದ್ದು. ಎಣ್ಣೆ ಬಟ್ಟೆಗೆ ಒಳಗೆ ನೀರಿದ್ದು, ಮೇಲೆ ಮುಚ್ಚಳವಿದ್ದು, ದಿನವೂ ಖಾಲಿ ಮಾಡುವಂಥದ್ದು. ಆದರೆ ಮೇಸ್ತ್ರಿಯದು ಒಂದೇ ಪಟ್ಟು: “ಮುಚ್ಚಿಟ್ಟಿದ್ದಕ್ಕೇ ಅಲ್ವಾ ಆವತ್ತು ಹೊತ್ತಿದ್ದು?” ಮೇಡಂ ಅಗ್ನಿಶಾಮಕ ದಳದವರನ್ನು ಅಂಗಳಕ್ಕೆ ಕರೆಸಿದರು. ಅವರು ಕಬ್ಬಿಣದ ಡಬ್ಬಿಯಲ್ಲಿ ಒಂದು ಬಟ್ಟೆ ಹಾಕಿ ಹೊತ್ತಿಸಿದರು. ಉರಿ ಮೇಲೆದ್ದಿತು. ಉದ್ದನೆಯ ಕೊಕ್ಕೆಯಿಂದ ಮುಚ್ಚಳ ಕೆಡವಬೇಕು ಎನ್ನುವಾಗ ಮೇಸ್ತ್ರಿಯ ತಮ್ಮ ಮುಂದೆ ಬಂದರು.

“ಕೊಡಿ, ನಾನು ಹಾಕ್ತೀನಿ.”

“ಲೇ, ಹುಚ್ಚಾ, ನಿಂಗ್ಯಾಕೋ?” ಎಂದರು ಮೇಸ್ತ್ರಿ.

“ನಂಗಲ್ದೆ ಇನ್ಯಾರಿಗಣ್ಣ?”

ಸೆಟೆದ ಬೆರಳುಗಳಲ್ಲಿ ಕೊಕ್ಕೆ ಸರಿಯಾಗಿ ನಿಲ್ಲಲಿಲ್ಲ. ಮೇಡಂ ಸಹಾಯಕ್ಕೆ ಕೈ ಹಾಕಲಿಲ್ಲ; ಅಗ್ನಿಶಾಮಕದವರನ್ನೂ ಕಣ್ಣಿನಲ್ಲೇ ತಡೆದರು. ಎರಡನೆಯ ಸಲಕ್ಕೆ ಮುಚ್ಚಳ ದಡಾರನೆ ಬಿತ್ತು. ಎಲ್ಲರೂ ಕಾದರು. ದಳದವರು ತಣ್ಣಗಾದ ಮೇಲೆ ತೆಗೆದು ತೋರಿಸಿದರು: ಒಳಗೆ ಕಪ್ಪು ಬಟ್ಟೆ, ಸತ್ತ ಬೆಂಕಿ. “ಮರದ ಪೆಟ್ಟಿಗೆ ತಾನೇ ಸೌದೆ, ಸಂದಿನಲ್ಲಿ ಗಾಳಿಯೂ ಹೋಗುತ್ತೆ. ಇದರಲ್ಲಿ ಎರಡೂ ಇಲ್ಲ,” ಎಂದಷ್ಟೇ ಮೇಡಂ ಹೇಳಿದರು. ತಮ್ಮ ನಗುತ್ತಿದ್ದರು, ಮೇಸ್ತ್ರಿಯ ಕಣ್ಣು ತುಂಬಿತ್ತು. ಅವತ್ತು ಹಗ್ಗ ಬಿಚ್ಚಿದ್ದು ಮೇಸ್ತ್ರಿಯೇ. ಅಂದಿನಿಂದ ‘ಗಾಳಿ ಮೇಡಂ’ ಎಂದು ಕರೆಯುವವರ ದನಿಯಲ್ಲಿ ಗೇಲಿ ಉಳಿಯಲಿಲ್ಲ.

ತಪಾಸಣೆ ನಡೆಯಿತು, ಶೆಡ್ಡು ಉಳಿಯಿತು. ಮುಚ್ಚಳ ಹಾಕುವ ಅಭ್ಯಾಸ ಬಂದ ಮೇಲೆ ಥಿನ್ನರ್ ಡ್ರಮ್ಮು ಮೊದಲಿಗಿಂತ ಬಹಳ ದಿನ ಬಾಳತೊಡಗಿತು. ಮುಂದೆ ಕೆಲವು ಕೆಲಸಕ್ಕೆ ನೀರಿನಲ್ಲಿ ಕರಗುವ ಪಾಲಿಶೂ ಬಂತು. ‘ಈ ಶೆಡ್ಡಿನಿಂದಲೇ ಬಡಾವಣೆಯ ಓಜೋನ್ ಇಳಿಯಿತು’ ಎಂದು ಕಚೇರಿಯವರು ಪ್ರಕಟಣೆ ಬರೆದಾಗ ಮೇಡಂ ಆ ಸಾಲನ್ನು ಹೊಡೆದು ಹಾಕಿದರು. ಒಂದು ಶೆಡ್ಡಿನಿಂದ ಅಷ್ಟು ಇಳಿಯದು, ಊರಿನ ಎಲ್ಲ ಪಾಲುದಾರರೂ ಸೇರಬೇಕು ಎಂಬುದು ಅವರ ಮಾತು. ಹೊಗಳಿಕೆಯಲ್ಲೂ ಅಳತೆ ತಪ್ಪದವರು ಅವರು.

ಆಮೇಲೆ ಪ್ರಯೋಗಾಲಯದಲ್ಲಿ ದೊಡ್ಡ ಹುದ್ದೆಗೇರಿದರೂ ಆ ದಾರಿಯಲ್ಲಿ ಹೋಗುವಾಗ ಶೆಡ್ಡಿಗೆ ಬಾರದೆ ಹೋದವರಲ್ಲ. ಮೇಸ್ತ್ರಿಗೆ ಉಬ್ಬಸ ಹೆಚ್ಚಾದಾಗ ತಮ್ಮ ವ್ಯಾನಿನಲ್ಲೇ ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರ ಮುಂದೆ ಮಗಳ ಹಾಗೆ ಕುಳಿತು ಔಷಧದ ಹೊತ್ತು ಕೇಳಿ ತಿಳಿದುಕೊಂಡದ್ದನ್ನು ಆ ಮನೆಯವರು ಇಂದಿಗೂ ನೆನೆಯುತ್ತಾರೆ.

ನಿವೃತ್ತಿಯ ನಂತರ ಮೇಡಂ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜುಗಳ ಓಣಿಗೆ ಹೋಗತೊಡಗಿದ್ದಾರೆಂದು ಕೇಳಿದ್ದೇವೆ. ಅಲ್ಲಿಯ ಮೆಕ್ಯಾನಿಕ್ ಒಬ್ಬ, “ಇವರ ಕೆಲಸ ಮುಗಿದು ನಮ್ಮ ಜೀವ ತಿನ್ನೋದು ಶುರುವಾಯ್ತು!” ಎಂದನಂತೆ. ಮೇಡಂ ನಕ್ಕು, ಅವನ ಸ್ಟೂಲನ್ನೇ ಎಳೆದುಕೊಂಡು ಕುಳಿತರಂತೆ. ಆ ಓಣಿಯವರು ವಾದ ಮಾಡಿ ಮಾಡಿ ದಣಿದರೂ ದಣಿಯದಂಥ ಆರೋಗ್ಯ, ಅವರ ಮೊಮ್ಮಕ್ಕಳೊಡನೆಯೂ ವಾದಕ್ಕೆ ಕೂರುವಷ್ಟು ಆಯಸ್ಸು ಮೇಡಂ ಅವರಿಗೆ ದೊರೆಯಲಿ. ಆ ಸ್ಟೂಲಿನಿಂದ ಅವರನ್ನು ಎಬ್ಬಿಸುವುದು ಸುಲಭವಲ್ಲವೆಂದು ನಮಗಂತೂ ಗೊತ್ತು.