ಮಥುರಾಬಾಯಿ ಮತ್ತು ನಲವತ್ತಮೂರು ‘ಹೌದು’

ಮಥುರಾಬಾಯಿ ತೀರಿಕೊಂಡಾಗ ಜಮಖಂಡಿಯಲ್ಲಿ ಒಂದು ಶೋಕಸಭೆ ನಡೆಯಿತು. ಮಾತಾಡಿದ ನಾಲ್ವರೂ ‘ಶಾಂತ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ’ ಎಂದರು. ಸತ್ತವರ ಬಗ್ಗೆ ಸುಳ್ಳು ಹೇಳಿದರೆ ಪುಣ್ಯ ಬರುತ್ತದೆ ಎಂದು ಇವರಿಗೆ ಯಾರು ಕಲಿಸಿದರೋ! ನಾನು ಎರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಟೈಪ್ ಹೊಡೆದವನು. ಆ ಎರಡು ವರ್ಷಗಳಲ್ಲಿ ಅವರು ನೋಯಿಸದೆ ಬಿಟ್ಟ ಒಬ್ಬ ದೊಡ್ಡ ಮನುಷ್ಯನೂ ನನ್ನ ನೆನಪಿಗೆ ಬರುವುದಿಲ್ಲ. ನನ್ನನ್ನಂತೂ ದಿನಕ್ಕೆರಡು ಸಲ ನೋಯಿಸುತ್ತಿದ್ದರು. ಅಂಥವರನ್ನು ಸಾಧು ಹಸು ಮಾಡಿ ಕಳಿಸಿಕೊಡಲು ನನಗೆ ಮನಸ್ಸಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ತಂದೆ ಜಮಖಂಡಿ ಸಂಸ್ಥಾನದ ದಫ್ತರದಲ್ಲಿ ಕಾರಕೂನರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮುಧೋಳದಲ್ಲಿ ಹದಿನೈದು ವರ್ಷ ಹೆಣ್ಣುಮಕ್ಕಳಿಗೆ ಕಲಿಸಿದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಒಮ್ಮೆ ಮಾಡಿದ್ದೆ. “ಜಾತಕದಾಗ ಮಂಗಳ ಇದ್ದಾನ, ಶ್ರೀಧರಪಂತ. ಪಾಪ, ಅಂವಾ ಅಲ್ಲಿ ಕೂತು ನನ್ನ ಕಾಯ್ದ,” ಎಂದರು.

ಸಂಸ್ಥಾನಗಳು ಮುಂಬಯಿ ರಾಜ್ಯಕ್ಕೆ ಸೇರಿ ಮೂರು ವರ್ಷಕ್ಕೆ ಜನಗಣತಿ ಬಂತು. ಮಥುರಾಬಾಯಿಗೆ ಬೀಳಗಿ ಕಡೆಯ ಹಳ್ಳಿಗಳು ಸಿಕ್ಕವು. ಗಲಗಲಿಯಲ್ಲಿ ಕುರುಬರ ಜಕ್ಕಪ್ಪ ಎಂಬಾತ ತನ್ನ ಉದ್ಯೋಗ ಕುರಿ ಸಾಕುವುದು ಎಂದು ಬರೆಸಿ, ಹೆಂಡತಿಯ ಬಗ್ಗೆ, “ಆಕಿ ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತಾಳ,” ಎಂದನಂತೆ. ಹೆಂಡತಿ ಸಾತವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. “ಹಂಗಾರ ಈ ಉಣ್ಣಿ ತನ್ನಷ್ಟಕ್ಕ ತಾನ ನೂಲಾಗ್ತದೇನು?” ಎಂದು ಮಥುರಾಬಾಯಿ ಕೇಳಿ, ಸಾತವ್ವನ ಹೆಸರಿನ ಮುಂದೆ ‘ಉಣ್ಣೆ ನೂಲುವುದು’ ಎಂದು ಬರೆದರು. ಅಂದಿನಿಂದ ಯಾವ ಮನೆಯಲ್ಲೂ ಗಂಡಸರ ಬಾಯಿಮಾತಿನ ಮೇಲೆ ಹೆಂಗಸರ ಉದ್ಯೋಗ ಬರೆಯಲಿಲ್ಲ. ಈ ಸುದ್ದಿ ಹೇಗೋ ಹರಡಿತು, ಅದರಿಂದಲೇ ಅವರಿಗೆ ಹೊಸ ನೌಕರಿಯೂ ಸಿಕ್ಕಿತು.

೧೯೫೩ರಲ್ಲಿ ಜಾಗತಿಕ ವಸತಿ ಮಂಡಳಿ ಎಂಬ ಸಂಸ್ಥೆ ನಮ್ಮ ಕಡೆ ಬಂದಿತು. ಅದರ ಹೆಡ್ ಆಫೀಸು ಸಮುದ್ರದಾಚೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಊರುಗಳ ಜನ ಹೇಗೆ ಬದುಕುತ್ತಾರೆ, ಊರುಗಳನ್ನು ಹೇಗೆ ತಿದ್ದಬೇಕು ಎಂದು ಎರಡು ವರ್ಷ ಅಭ್ಯಾಸ ಮಾಡುವುದು ಅದರ ಕೆಲಸ. ಜಮಖಂಡಿಯ ಒಂದು ಹಳೆಯ ವಾಡೆ ಬಾಡಿಗೆಗೆ ಹಿಡಿದರು. ನಕ್ಷೆ ಹಾಕಲು ಪರದೇಶದ ತಜ್ಞ ಹಾಲ್‌ಬರ್ಗ್ ಸಾಹೇಬರು, ಕಚೇರಿ ನಡೆಸಲು ಪುಣೆಯಿಂದ ಸದಾಶಿವರಾಯರು, ಟೈಪಿಸ್ಟ್ ನಾನು, ಮನೆ ಮನೆಗೆ ಹೋಗಿ ವಿಚಾರಿಸಲು ಮಥುರಾಬಾಯಿ. ಜಗತ್ತಿನ ಸಂಸ್ಥೆಯಲ್ಲಿ ನೌಕರಿ ಎಂದು ನನ್ನ ಮಾವನವರು ಊರೆಲ್ಲ ಡಂಗುರ ಸಾರಿದರು. ಮೇಲಿನವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಕೆಲಸ ಅಲ್ಲಿಯೂ ಇತ್ತು. ಅದನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ.

ಮನೆಗೊಂದರಂತೆ ಫಾರ್ಮು, ಫಾರ್ಮಿಗೆ ಮೂವತ್ತೊಂದು ಪ್ರಶ್ನೆ. ಹದಿನಾಲ್ಕನೆಯದು ಹೀಗಿತ್ತು: ‘ಮಲಗುವ ಕೋಣೆಯಲ್ಲಿ ದುಡಿಮೆ ನಡೆಯುತ್ತದೆಯೇ?’

ಬನಹಟ್ಟಿಯ ಒಂದು ನೇಕಾರ ಓಣಿಯಲ್ಲಿ ನಲವತ್ತಮೂರು ಮನೆ. ಪ್ರತಿ ಮನೆಯಲ್ಲೂ ಒಂದೇ ದೊಡ್ಡ ಕೋಣೆ, ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಗಂಡ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ. ಹೆಂಡತಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತ, ಕಾಲಿನಿಂದ ತೊಟ್ಟಿಲು ತೂಗುತ್ತ, ನಡುವೆ ಎದ್ದು ರೊಟ್ಟಿ ಬಡಿಯುತ್ತಾಳೆ. ಹೊತ್ತು ಮುಳುಗಿದರೆ ಅಲ್ಲೇ ಮಗ್ಗದ ಪಕ್ಕ ಹಾಸಿಗೆ. ಮಥುರಾಬಾಯಿ ಹದಿನಾಲ್ಕನೆಯ ಪ್ರಶ್ನೆಗೆ ನಲವತ್ತಮೂರು ಸಲ ‘ಹೌದು’ ಎಂದು ಬರೆದರು. ಇನ್ನೇನು ಬರೆಯಬೇಕಿತ್ತು?

ಫಾರ್ಮುಗಳು ಒಳಗೆ ಹೋದವು. ಮೂರು ತಿಂಗಳ ಮೇಲೆ ಹಾಲ್‌ಬರ್ಗ್ ಸಾಹೇಬರ ನಕ್ಷೆ ಗೋಡೆಗೆ ಏರಿತು. ಅದರಲ್ಲಿ ಆ ಓಣಿಯ ನಲವತ್ತಮೂರು ಮನೆಗಳ ಮೇಲೂ ಕೆಂಪು ಬೊಟ್ಟು. ಕೆಂಪು ಎಂದರೆ ವಾಸಕ್ಕೆ ಅಯೋಗ್ಯ. ಹದಿನಾಲ್ಕಕ್ಕೆ ‘ಹೌದು’ ಎಂದಿದ್ದ ಮನೆಗೆಲ್ಲ ಕೆಂಪು ಹಾಕಬೇಕೆಂದು ನಿಯಮವಿತ್ತಂತೆ, ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಓಣಿಯನ್ನು ಕೆಡವಿ, ಜನರನ್ನು ಊರ ಹೊರಗೆ ದನ ಮೇಯುವ ಗಾಯರಾಣದಲ್ಲಿ ಕಟ್ಟುವ ಹೊಸ ಕಾಲೋನಿಗೆ ಸಾಗಿಸಬೇಕೆಂದು ಶಿಫಾರಸು.

ಮಥುರಾಬಾಯಿ ನಕ್ಷೆಯ ಮೇಲಿನ ಕೆಂಪು ಬೊಟ್ಟುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ನನ್ನ ಮೇಜಿಗೆ ಬಂದು, “ಶ್ರೀಧರಪಂತ, ನನ್ನ ಕೈಲೆನ ನಲವತ್ತಮೂರು ಮನಿ ಕೆಡವಿಸಲಿಕ್ಕತ್ತಾರ,” ಎಂದರು. ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅದೊಂದೇ ಸಲ. ನಾಚಿಕೆಯ ನೀರು ಅದು. ನಾನು ಟೈಪ್ ಯಂತ್ರದ ರಿಬ್ಬನ್ ಬದಲಾಯಿಸತೊಡಗಿದೆ. ರಿಬ್ಬನ್ ಹೊಸದೇ ಇತ್ತು.

ಕಣ್ಣು ಒರೆಸಿಕೊಂಡು ನೆಟ್ಟಗೆ ಸಾಹೇಬರ ಕೋಣೆಗೆ ನುಗ್ಗಿದರು. ಹಾಲ್‌ಬರ್ಗ್ ಕೆಟ್ಟವರಲ್ಲ. ಆ ಮನೆಗಳಲ್ಲಿ ಮಕ್ಕಳು ಅರಳೆಯ ಧೂಳಿನಲ್ಲಿ ಮಲಗಿ ಕೆಮ್ಮುವುದನ್ನು ಕಂಡು ಸಂಕಟಪಟ್ಟವರು. ಹೊಸ ಕಾಲೋನಿಯಲ್ಲಿ ಗಾಳಿ ಬೆಳಕಿನ ಮನೆಗಳು, ಸಿಮೆಂಟಿನ ನೆಲ, ಎಂಟೆಂಟು ಮನೆಗಳ ನಡುವೆ ಇಪ್ಪತ್ತು ಗಜದ ಚೌಕ. ಮಗ್ಗಗಳಿಗೆ ಅರ್ಧ ಮೈಲು ದೂರದಲ್ಲಿ ಒಂದು ದೊಡ್ಡ ಶೆಡ್ಡು. ಮಥುರಾಬಾಯಿ ಕೇಳಿದರು: ಹಾಗಾದರೆ ಕಂಡಿಕೆ ಸುತ್ತುವ ಹೆಂಗಸು ತೊಟ್ಟಿಲು, ಒಲೆ ಎರಡನ್ನೂ ತಲೆಯ ಮೇಲೆ ಹೊತ್ತು ಶೆಡ್ಡಿಗೆ ಹೋಗಬೇಕೆ? ಅದಿರಲಿ, ಹಾಸು ಎಲ್ಲಿ ಚಾಚಬೇಕು?

ಸಾಹೇಬರಿಗೆ ಹಾಸು ಎಂದರೇನೆಂದೇ ಗೊತ್ತಿರಲಿಲ್ಲ. ಸೀರೆಯ ಉದ್ದದ ಎಳೆಗಳೇ ಹಾಸು. ನಾಲ್ಕು ಸೀರೆಯಷ್ಟು ಎಳೆಗಳನ್ನು ಒಟ್ಟಿಗೆ, ನಲವತ್ತು ಗಜ ಉದ್ದಕ್ಕೆ, ಓಣಿಯಲ್ಲಿ ಕವೆಗೋಲುಗಳ ಮೇಲೆ ಚಾಚಿ ಗಂಜಿ ಹಚ್ಚಿ ಒಣಗಿಸುತ್ತಾರೆ. ಬಿಸಿಲೇರುವ ಮುಂಚೆ ಆ ಕೆಲಸ ಮುಗಿದು ಓಣಿ ಖಾಲಿಯಾಗುತ್ತದೆ. ಸಾಹೇಬರ ಜೀಪು ಓಣಿಗೆ ಬರುತ್ತಿದ್ದದ್ದು ಹನ್ನೊಂದು ಗಂಟೆಗೆ. ಎರಡು ವರ್ಷದಲ್ಲಿ ಒಂದು ಹಾಸನ್ನೂ ಅವರು ಕಂಡಿರಲಿಲ್ಲ. ಫಾರ್ಮಿನಲ್ಲಿಯೂ ಅದರ ಪ್ರಶ್ನೆ ಇರಲಿಲ್ಲ. ‘ಹಾಸು ನಲವತ್ತು ಗಜವಿದ್ದರೆ ಚೌಕದ ಮೂಲೆಯಲ್ಲಿ ತಿರುಗಿಸಿಕೊಳ್ಳಬಹುದು’ ಎಂದು ಸಾಹೇಬರು ಸಮಾಧಾನದಿಂದ ಹೇಳಿದರು. ಮುಂದಿನ ಸೋಮವಾರ ಗಾಯರಾಣದಲ್ಲಿ ನಕ್ಷೆಯನ್ನು ಸುಣ್ಣದಲ್ಲಿ ನಿಜವಾದ ಅಳತೆಗೇ ಎಳೆಯುತ್ತೇವೆ, ದೊಡ್ಡ ಅಧಿಕಾರಿಗಳು ಬರುತ್ತಾರೆ, ಓಣಿಯವರೂ ಬಂದು ತಮ್ಮ ಹೊಸ ಮನೆಯಲ್ಲಿ ಓಡಾಡಿ ನೋಡಲಿ ಎಂದರು.

“ಬರ್ತಾರ. ಕರಕೊಂಡು ಬರ್ತೀನಿ,” ಎಂದರು ಮಥುರಾಬಾಯಿ. ಆ ದನಿ ಬಂದರೆ ಯಾರಿಗೋ ಕಾದಿದೆ ಎಂದು ನಾನು ಅಷ್ಟರಲ್ಲಿ ಕಲಿತಿದ್ದೆ.

ಸೋಮವಾರ ಬೆಳಿಗ್ಗೆ ಗಾಯರಾಣದ ತುಂಬ ಬಿಳಿ ಗೆರೆ. ಇದು ಅಡಿಗೆಮನೆ, ಇದು ಪಡಸಾಲೆ, ಇದು ಪಾಯಖಾನೆ. ಅಧಿಕಾರಿಗಳು ಕುರ್ಚಿಯಲ್ಲಿ, ಸದಾಶಿವರಾಯರು ಅವರ ಹಿಂದೆ ಛತ್ರಿ ಹಿಡಿದು. ಓಣಿಯವರು ಬಂದರು, ಆದರೆ ಬರಿಗೈಯಲ್ಲಿ ಬರಲಿಲ್ಲ. ಓಣಿಯ ಹಿರಿಯ ನೇಕಾರ ಗಿರಮಲ್ಲಪ್ಪ, ಅವನ ಹೆಂಡತಿ ಸಿದ್ದಕ್ಕ, ಹಿಂದೆ ಹತ್ತು ಹನ್ನೆರಡು ಜನ, ಕವೆಗೋಲು, ಗಂಜಿಯ ಗಡಿಗೆ, ಉಂಡೆ ಕಟ್ಟಿದ ನಾಲ್ಕು ಸೀರೆಯ ಹಾಸು. ಯಾರ ಅಪ್ಪಣೆಯನ್ನೂ ಕೇಳದೆ ಚಾಚಿ ಗಂಜಿ ಹಚ್ಚತೊಡಗಿದರು. ಹಾಸು ಚೌಕದ ಈ ತುದಿಯಿಂದ ಹೊರಟು ಆ ತುದಿಗೆ ಮುಟ್ಟಿತು. ಇನ್ನೂ ಅರ್ಧ ಉಳಿದಿತ್ತು. ಏಳನೆಯ ಮನೆಯ ಗೋಡೆ ದಾಟಿ ಪಡಸಾಲೆಗೆ ನುಗ್ಗಿ, ಅಡಿಗೆಮನೆ ಹಾಯ್ದು, ಹಿಂದಿನ ಮನೆಯ ಪಾಯಖಾನೆಯಲ್ಲಿ ನಿಂತಿತು.

ಸಿದ್ದಕ್ಕ ಸುಣ್ಣದ ಅಡಿಗೆಮನೆಯಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು ಮಥುರಾಬಾಯಿಯನ್ನು ಕೇಳಿದಳು. “ಅಕ್ಕೋರ, ಒಲಿ ಎಲ್ಲಿ ಹೂಡ್ಲಿ? ಹಾಸಿನ ಕೆಳಗೋ, ಮ್ಯಾಲೋ?”

ಒಬ್ಬ ಅಧಿಕಾರಿ ನಕ್ಕರು. ಒಬ್ಬರು ನಕ್ಕ ಮೇಲೆ ಉಳಿದವರೂ ನಕ್ಕರು. ಹಾಲ್‌ಬರ್ಗ್ ಸಾಹೇಬರ ಕಿವಿ ಕೆಂಪಾಯಿತು. ಮೂಲೆಯಲ್ಲಿ ತಿರುಗಿಸಿ ಎಂದು ಕೈಸನ್ನೆ ಮಾಡಿದರು. ಗಂಜಿ ಹಸಿಯಿದ್ದಾಗ ಬಾಗಿಸಿದರೆ ಎಳೆಗೆ ಎಳೆ ಅಂಟಿ ಹಾಸು ಹಾಳಾಗುತ್ತದೆ ಎಂದು ಮಥುರಾಬಾಯಿಗೆ ಗೊತ್ತಿತ್ತು. “ಬ್ಯಾಡ ಗಿರಮಲ್ಲಪ್ಪ, ಇಷ್ಟು ಸಾಕು,” ಎಂದು ಅಡ್ಡ ಬಂದರು.

“ಸುಮ್ನಿರ್ರಿ ಅಕ್ಕೋರ,” ಎಂದ ಗಿರಮಲ್ಲಪ್ಪ. “ಕಿವೀಲೆ ಕೇಳಿದ್ದು ಮರೀತಾರ. ಕಣ್ಣೀಲೆ ನೋಡ್ಲಿ. ಬಾಗಸ್ರೋ!”

ಬಾಗಿಸಿದರು. ನೋಡನೋಡುತ್ತಿದ್ದಂತೆ ಮೂಲೆಯಲ್ಲಿ ಎಳೆಗಳೆಲ್ಲ ಕೂಡಿ ಒಂದು ಹಗ್ಗವಾಯಿತು. ಗಿರಮಲ್ಲಪ್ಪ ಅದನ್ನು ಹಿಡಿದೆಳೆದು ತೋರಿಸಿದ. ಪಟಪಟ ಎಂದು ಎಳೆ ಹರಿದವು. ಯಾರೂ ನಗಲಿಲ್ಲ. ಒಂದು ಮನೆಯ ತಿಂಗಳ ಅನ್ನ ನೆಲಕ್ಕೆ ಬಿದ್ದಿತ್ತು, ಅದು ಕುರ್ಚಿಯಲ್ಲಿದ್ದವರಿಗೂ ತಿಳಿಯಿತು. ಸಾಹೇಬರು ಹೋಗಿ ಹರಿದ ಎಳೆಗಳನ್ನು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಜೀಪು ಹತ್ತಿದರು.

ಅವರ ದೊಡ್ಡತನ ನಾನು ಒಪ್ಪಬೇಕು. ಆ ವಾರವೇ ಶಿಫಾರಸು ಬದಲಾಯಿತು. ಓಣಿ ಇದ್ದಲ್ಲೇ ಇರಲಿ, ನೆಟ್ಟಗೇ ಇರಲಿ, ಗಟಾರ ಕಟ್ಟಿ, ಮಾಡಿಗೆ ಬೆಳಕಿಂಡಿ ಬಿಡಿಸಿ ಎಂದು ಬರೆದರು. ನಾನೇ ಟೈಪ್ ಮಾಡಿದೆ. ಟೈಪ್ ಮಾಡುವಾಗ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಅದಕ್ಕೆ ಸಹಿ ಹಾಕಿ ಸಾಹೇಬರು ಮುಂಬಯಿಗೆ ಹೋದರು.

ಆದರೆ ಸದಾಶಿವರಾಯರು ಮುಂಬಯಿಗೆ ಹೋಗಲಿಲ್ಲವಲ್ಲ. ಅಧಿಕಾರಿಗಳ ಮುಂದೆ ಸಂಸ್ಥೆಯ ಮಾನ ಹರಾಜು ಹಾಕಿದ್ದಕ್ಕೆ ಮಥುರಾಬಾಯಿ ಬರವಣಿಗೆಯಲ್ಲಿ ಕ್ಷಮಾಪಣೆ ಕೊಡಬೇಕು, ಇಲ್ಲವಾದರೆ ನೌಕರಿ ಬಿಡಬೇಕು ಎಂದರು. ನನಗೋ ಎರಡೂ ಕಡೆ ಒಳ್ಳೆಯವನಾಗುವ ಚಟ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, “ಎರಡು ಸಾಲು ಬರದು ಕೊಟ್ಟುಬಿಡ್ರಿ ಬಾಯಾರ, ಓಣಿ ಹ್ಯಾಂಗೂ ಉಳೀತಲ್ಲ,” ಎಂದೆ.

“ಖರೆ. ಕ್ಷಮಾ ಕೇಳೂದು ಬಾಕಿ ಅದ,” ಎಂದು ಬರೆಯಲು ಕೂತರು. ಬರೆದದ್ದನ್ನು ರಾಯರಿಗೆ ಕೊಡುವ ಮುಂಚೆ ಬನಹಟ್ಟಿಗೆ ಹೋಗಿ, ಓಣಿಯ ನಡುವೆ ನಿಂತು ಗಟ್ಟಿಯಾಗಿ ಓದಿದರು. ನನ್ನನ್ನೂ ಎಳೆದುಕೊಂಡು ಹೋಗಿದ್ದರು.

‘ನಲವತ್ತಮೂರು ಮನೆಗಳವರಿಗೆ. ನಾನು ನಿಮ್ಮ ಹೊಸ್ತಿಲು ದಾಟಿ ಬಂದು ಒಂದು ಪ್ರಶ್ನೆ ಕೇಳಿದೆ. ನಿಮ್ಮ ಉತ್ತರದಿಂದ ಏನಾಗುತ್ತದೆ ಎಂದು ನಿಮಗೆ ಹೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ನೀವು ನಂಬಿ ನಿಜ ಹೇಳಿದಿರಿ. ಆ ನಿಜದಿಂದಲೇ ನಿಮ್ಮ ಮನೆ ಹೋಗುವುದಿತ್ತು. ತಪ್ಪು ನನ್ನದು. ಕ್ಷಮಿಸಬೇಕು.’

ಮಗ್ಗಗಳು ಒಂದೊಂದಾಗಿ ನಿಂತವು. ಸಿದ್ದಕ್ಕ ಬಾಗಿಲಿಗೆ ಬಂದಳು. “ತಪ್ಪು ಮಾಡಿದೋರು ಭಾಳ ಮಂದಿ ಬಂದು ಹೋಗ್ಯಾರ್ರೀ ಅಕ್ಕೋರ. ತಿರುಗಿ ಬಂದು ಹೇಳಿದೋರು ನೀವೊಬ್ರ. ಒಳಗ ಬರ್ರಿ, ರೊಟ್ಟಿ ಆರಾಕತ್ತಾವು.”

ಬ್ರಾಹ್ಮಣ ಕಾರಕೂನರ ಮಗಳು ನೇಕಾರರ ಮನೆಯಲ್ಲಿ, ಮಗ್ಗದ ಪಕ್ಕ ಕೂತು ರೊಟ್ಟಿ, ಪುಂಡಿಪಲ್ಯ ಉಂಡರು. ನಾವು ಜಮಖಂಡಿ ಮುಟ್ಟುವ ಮುಂಚೆಯೇ ಆ ಸುದ್ದಿ ನಮ್ಮ ಗಲ್ಲಿಯನ್ನು ಮುಟ್ಟಿತ್ತು.

ಮರುದಿನ ಅದೇ ಕಾಗದದ ಪ್ರತಿಯನ್ನು ರಾಯರ ಮೇಜಿನ ಮೇಲಿಟ್ಟರು. ರಾಯರು ಓದಿ ನನ್ನನ್ನು ಕರೆದು ವಜಾ ಪತ್ರ ಹೇಳಿ ಬರೆಸಿದರು: ‘ಮಥುರಾಬಾಯಿಯವರು ಕೆಲಸಕ್ಕೆ ಅಸಮರ್ಥರೆಂದು ಕಂಡುಬಂದುದರಿಂದ.’ ನಾನು ಟೈಪ್ ಮಾಡಿ, ತಲೆ ತಗ್ಗಿಸಿ ಅವರ ಕೈಗೆ ಕೊಟ್ಟೆ.

ಓದಿ ಅದನ್ನು ತಿರುಗಿ ನನ್ನ ಮುಂದಿಟ್ಟರು. “ಇದು ಸುಳ್ಳದ. ತಿರುಗಿ ಹೊಡೀರಿ.”

ಒಳಗಿನಿಂದ ರಾಯರು ಎದ್ದು ಬಂದರು. “ಏನಂತ ಬರೀಬೇಕಂತೀರಿ?”

“ಹೇಳಿದ ಮಾತು ಕೇಳಲಿಲ್ಲ ಅಂತ ಬರೀರಿ.”

“ಹಂಗ ಬರದ್ರ ನಿಮಗ ಮುಂದ ಎಲ್ಲೂ ನೌಕರಿ ಸಿಗೂದಿಲ್ಲ. ನಿಮ್ಮ ಮ್ಯಾಲಿನ ಮರ್ಯಾದಿಗೆ ಇದನ್ನ ಬರಸೀನಿ.”

“ಮರ್ಯಾದಿ ನಿಮ್ಮ ಹತ್ರನ ಇರ್ಲಿ, ರಾಯರ. ನಾ ಅಸಮರ್ಥಳಾದ್ರ ನಾ ಬರದ ನಲವತ್ತಮೂರು ಫಾರ್ಮೂ ಸುಳ್ಳಾಗ್ತಾವ. ನಾಳೆ ಇನ್ನೊಬ್ಬ ಬಂದು ತಿರುಗಿ ಓಣಿ ಅಳೀತಾನ. ನನಗ ಕೆಲಸ ಬರ್ತದ. ನಿಮ್ಮ ಮಾತು ಕೇಳೂದು ಬರೂದಿಲ್ಲ. ಅಷ್ಟ ಬರೀರಿ.”

ರಾಯರು ನನ್ನ ಮುಖ ನೋಡಿದರು. ಜೀವಮಾನದಲ್ಲಿ ಒಮ್ಮೆ, ಒಮ್ಮೆ ಮಾತ್ರ, ನಾನು ಅಪ್ಪಣೆಗೆ ಕಾಯಲಿಲ್ಲ. ಹಳೆಯ ಹಾಳೆ ಹರಿದು, ಹೊಸ ಹಾಳೆ, ಕಾರ್ಬನ್ ಏರಿಸಿ, ‘ಮೇಲಧಿಕಾರಿಗಳ ಆಜ್ಞೆ ಪಾಲಿಸಲು ನಿರಾಕರಿಸಿದ್ದರಿಂದ’ ಎಂದು ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ. ರಾಯರು ಹಲ್ಲು ಕಚ್ಚಿ ಸಹಿ ಹಾಕಿದರು.

ಮಥುರಾಬಾಯಿ ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಓದಿದರು. “ಈಗ ಖರೆ ಆತು,” ಎಂದು ಮೂರೂ ಪ್ರತಿಗಳ ಕೆಳಗೆ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು ಬರೆದರು.